ಭಾನುವಾರದ ಅಂಗಡಿ ಮತ್ತು ಶ್ರಾವಕನ ವ್ರತ

ಅಂಗಡಿಯನ್ನು ಭಾನುವಾರ ತೆರೆಯಬಹುದೇ ಎಂಬುದು ಮೇಲ್ನೋಟಕ್ಕೆ ವರ್ತಕರ ಅನುಕೂಲಕ್ಕೆ ಸಂಬಂಧಿಸಿದ ಸಣ್ಣ ಪ್ರಶ್ನೆ. ಆದರೆ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಮೂರು ಶತಮಾನಗಳಿಗೂ ಮೀರಿ ಪಾರ್ಲಿಮೆಂಟನ್ನು ಕಾಡಿತು. ಅದರ ಕಾರಣದಿಂದ 1855ರಲ್ಲಿ ಲಂಡನ್ನಿನಲ್ಲಿ ದೊಂಬಿಯಾಯಿತು. 1986ರಲ್ಲಿ ಭಾರಿ ಬಹುಮತವಿದ್ದ ಸರ್ಕಾರವೊಂದು ತನ್ನದೇ ಮಸೂದೆಯ ಮೇಲೆ ಸೋಲುಂಡಿತು. 2016ರಲ್ಲಿ ಮತ್ತೊಂದು ಸರ್ಕಾರಕ್ಕೂ ಅದೇ ಗತಿಯಾಯಿತು. ಒಂದು ದಿನದ ಬೀಗದ ಸುತ್ತ ಇಷ್ಟು ಕಲಹ ಏಕೆ ನಡೆಯಿತೆಂದು ವಿಚಾರಿಸಿದರೆ, ಅಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಹೆಣೆದುಕೊಂಡಿದ್ದುದು ಕಾಣುತ್ತದೆ: ದಿನದ ಪಾವಿತ್ರ್ಯ, ಕೊಳ್ಳುವವರ ಅನುಕೂಲ ಮತ್ತು ಅಂಗಡಿಯಲ್ಲಿ ದುಡಿಯುವವರ ಬಿಡುವು.

ಅನೇಕ ಜೈನ ಮನೆತನಗಳಿಗೆ ಅಂಗಡಿಯೇ ಅನ್ನದ ಆಸರೆ. ಬಸದಿಗಳ ಟ್ರಸ್ಟುಗಳೂ ಅಡುಗೆಯವರು, ಕಾವಲುಗಾರರು, ಕಚೇರಿಯ ಗುಮಾಸ್ತರು ಮೊದಲಾದವರನ್ನು ಸಂಬಳಕ್ಕೆ ಇಟ್ಟುಕೊಂಡಿರುತ್ತವೆ. ಆದ್ದರಿಂದ ಈ ಇತಿಹಾಸವು ದೂರದ ದೇಶದ ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಅಂಗಡಿಯ ಬಾಗಿಲು ತೆರೆದಿರಬೇಕೇ ಮುಚ್ಚಿರಬೇಕೇ ಎಂಬುದಕ್ಕಿಂತ, ಆ ಬಾಗಿಲ ಒಳಗೆ ನಿಂತವನಿಗೆ ವಾರದಲ್ಲಿ ಒಂದು ದಿನವಾದರೂ ತನ್ನದಾಗಿದೆಯೇ ಎಂಬ ಪ್ರಶ್ನೆ ದೊಡ್ಡದು. ಶ್ರಾವಕಾಚಾರದ ದೃಷ್ಟಿಯಿಂದ ನೋಡಿದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಪಾವಿತ್ರ್ಯದಿಂದ ಹುಟ್ಟಿದ ಕಾನೂನು

ಭಾನುವಾರದ ವಿರಾಮವನ್ನು ರಾಜಾಜ್ಞೆಯಾಗಿ ಸಾರಿದವನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್. ಕ್ರಿ.ಶ. 321ರ ಅವನ ಆಜ್ಞೆಯಂತೆ ನ್ಯಾಯಾಧೀಶರೂ ನಗರವಾಸಿಗಳೂ ಕುಶಲಕರ್ಮಿಗಳೂ ಸೂರ್ಯನ ದಿನದಂದು ಕೆಲಸ ನಿಲ್ಲಿಸಬೇಕಿತ್ತು. ಆದರೆ ಬಿತ್ತನೆಯ ಹದ ತಪ್ಪಬಾರದೆಂದು ರೈತರಿಗೆ ವಿನಾಯಿತಿ ಇತ್ತು. ಮೊದಲ ಕಾನೂನಿನಲ್ಲಿಯೇ ಮೊದಲ ವಿನಾಯಿತಿಯೂ ಸೇರಿಕೊಂಡಿತು. ಮುಂದಿನ ಇತಿಹಾಸವೆಲ್ಲ ಬಹುಮಟ್ಟಿಗೆ ವಿನಾಯಿತಿಗಳದೇ ಇತಿಹಾಸ.

ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, 1677ರಲ್ಲಿ, ಭಾನುವಾರ ಆಚರಣೆಯ ಶಾಸನ ಬಂದಿತು. ವರ್ತಕರಾಗಲಿ ಕೂಲಿಕಾರರಾಗಲಿ ಆ ದಿನ ತಮ್ಮ ಲೌಕಿಕ ಕಸುಬನ್ನು ನಡೆಸಬಾರದು. ನಡೆಸಿದವರಿಗೆ ಐದು ಷಿಲಿಂಗ್ ದಂಡ. ಅನಿವಾರ್ಯವಾದ ಕೆಲಸಕ್ಕೂ ದಯೆಯ ಕೆಲಸಕ್ಕೂ ಮಾತ್ರ ಅವಕಾಶ. ಹಾಲು ಕೆಟ್ಟುಹೋಗುವ ವಸ್ತುವಾದ್ದರಿಂದ ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ನಾಲ್ಕರ ನಂತರ ಮಾರಬಹುದಿತ್ತು. ನಡುವಿನ ಹೊತ್ತು ಚರ್ಚಿನ ಪ್ರಾರ್ಥನೆಯ ಹೊತ್ತು. ಶಾಸನದ ಉದ್ದೇಶ ದುಡಿಯುವವನ ಮೈಗೆ ವಿಶ್ರಾಂತಿ ನೀಡುವುದಾಗಿರಲಿಲ್ಲ. ಅವನನ್ನು ಪ್ರಾರ್ಥನೆಗೆ ಕಳುಹಿಸುವುದಾಗಿತ್ತು.

ಇಂಥ ಕಾನೂನು ಯಾರ ಮೇಲೆ ಭಾರವಾಗಿ ಬೀಳುತ್ತದೆಂಬುದು 1855ರಲ್ಲಿ ಬಯಲಾಯಿತು. ಲಂಡನ್ನಿನ ಅಂಗಡಿಗಳನ್ನು ಭಾನುವಾರ ಇನ್ನೂ ಬಿಗಿಯಾಗಿ ಮುಚ್ಚಿಸಲು ಲಾರ್ಡ್ ರಾಬರ್ಟ್ ಗ್ರೋವ್ನರ್ ಮಸೂದೆಯೊಂದನ್ನು ತಂದರು. ಆ ಕಾಲದಲ್ಲಿ ಕೂಲಿಕಾರರ ಕೈಗೆ ವಾರದ ಸಂಬಳ ಬರುತ್ತಿದ್ದುದು ಶನಿವಾರ ರಾತ್ರಿ ತಡವಾಗಿ. ಅವರಿಗೆ ದಿನಸಿ ಕೊಳ್ಳಲು ಉಳಿಯುತ್ತಿದ್ದುದು ಭಾನುವಾರ ಬೆಳಗಿನ ಹೊತ್ತು ಮಾತ್ರ. ಶ್ರೀಮಂತರಿಗೆ ಈ ತೊಂದರೆ ಇರಲಿಲ್ಲ. ಅವರ ಉಗ್ರಾಣ ವಾರದ ಮಧ್ಯದಲ್ಲಿಯೇ ತುಂಬಿರುತ್ತಿತ್ತು, ಭಾನುವಾರವೂ ಅವರ ಸಾರೋಟು ಹೂಡಲು, ಊಟ ಬಡಿಸಲು ಆಳುಗಳಿದ್ದರು. ಜೂನ್ 24ರ ಭಾನುವಾರ ಹೈಡ್ ಪಾರ್ಕಿನಲ್ಲಿ ಸೇರಿದ ಜನ, ಸಾರೋಟುಗಳಲ್ಲಿ ವಿಹಾರಕ್ಕೆ ಬಂದ ಸಿರಿವಂತರಿಗೆ ಚರ್ಚಿಗೆ ಹೋಗಿರೆಂದು ಕೂಗಿ ಹೇಳಿದರು. ಮುಂದಿನ ಭಾನುವಾರ, ಜುಲೈ 1ರಂದು, ಗುಂಪು ಇನ್ನೂ ಬೆಳೆಯಿತು. ಪೋಲೀಸರು ಲಾಠಿ ಬೀಸಿದರು. ಮಸೂದೆಯನ್ನು ಹಿಂದಕ್ಕೆ ಪಡೆಯಲಾಯಿತು.

ಈ ಪ್ರಸಂಗದಲ್ಲಿ ವಿಚಾರಿಸತಕ್ಕ ಮಾತೊಂದಿದೆ. ಸಣ್ಣ ಅಂಗಡಿಕಾರನಿಗೆ ಬಿಡುವು ಸಿಗಲೆಂಬ ಸದುದ್ದೇಶ ಮಸೂದೆಯ ಹಿಂದೆ ಇರಲಿಲ್ಲವೆಂದು ಹೇಳಲಾಗದು. ಆದರೆ ಸಂಬಳದ ಹೊತ್ತನ್ನು ಬದಲಿಸದೆ, ಕೊಳ್ಳುವ ಹೊತ್ತನ್ನು ಮಾತ್ರ ಕಿತ್ತುಕೊಂಡರೆ, ಒಬ್ಬ ಬಡವನ ಬಿಡುವಿಗೆ ಇನ್ನೊಬ್ಬ ಬಡವನ ಹಸಿವನ್ನು ಬೆಲೆಯಾಗಿ ತೆತ್ತಂತಾಗುತ್ತದೆ. ತನ್ನ ಮನೆಯ ಆಳಿಗೆ ಬಿಡುವು ಕೊಡದವನು ಪರರ ಅಂಗಡಿ ಮುಚ್ಚಿಸಲು ಹೊರಟಾಗ ಜನ ಅದನ್ನು ಧರ್ಮವೆಂದು ಒಪ್ಪಲಿಲ್ಲ.

ಕೌಂಟರಿನ ಹಿಂದೆ ನಿಂತವರು

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಂತೆ ಪ್ರಶ್ನೆಯ ಮುಖ ಬದಲಾಯಿತು. ದೇವರ ದಿನದ ಮಾತು ಹಿಂದೆ ಸರಿದು, ಅಂಗಡಿಯ ನೌಕರರ ಮಾತು ಮುಂದೆ ಬಂದಿತು. ಆಗಿನ ಇಂಗ್ಲೆಂಡಿನ ಜವಳಿ ಅಂಗಡಿಗಳಲ್ಲಿ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆಗಳ ದುಡಿಮೆ ಅಪರೂಪವಾಗಿರಲಿಲ್ಲ. ಅನೇಕ ನೌಕರರು ಮಾಲೀಕನ ಕಟ್ಟಡದಲ್ಲಿಯೇ ಮಲಗಿ, ಅವನು ಹಾಕಿದ್ದನ್ನು ಉಂಡು, ಅವನ ನಿಯಮಗಳಿಗೆ ತಲೆಬಾಗಿ ಇರಬೇಕಿತ್ತು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಎಚ್. ಜಿ. ವೆಲ್ಸ್ ತಮ್ಮ ಹುಡುಗುತನದಲ್ಲಿ ಜವಳಿ ಅಂಗಡಿಯ ಇಂಥ ಜೀತವನ್ನು ಅನುಭವಿಸಿದವರು; 1905ರ ಅವರ 'ಕಿಪ್ಸ್' ಕಾದಂಬರಿಯಲ್ಲಿ ಅದರ ನೆರಳಿದೆ.

ಅಂಗಡಿಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚಬೇಕೆಂಬ ಚಳವಳಿ 1840ರ ದಶಕದಲ್ಲಿಯೇ ಆರಂಭವಾಗಿತ್ತು. ಅದು ಮೊದಮೊದಲು ನಂಬಿದ್ದು ವರ್ತಕರ ಸದ್ಬುದ್ಧಿಯನ್ನು. ಒಂದು ಬೀದಿಯ ವರ್ತಕರೆಲ್ಲ ಕೂಡಿ ಬೇಗ ಮುಚ್ಚಲು ಒಪ್ಪುತ್ತಿದ್ದರು. ಆದರೆ ಒಬ್ಬನೇ ಒಬ್ಬ ಒಪ್ಪದೆ ದೀಪ ಉರಿಸಿ ಕುಳಿತರೆ ಗಿರಾಕಿ ಅವನ ಕಡೆ ಹೋಗುತ್ತಿದ್ದ. ಕೆಲವೇ ದಿನಗಳಲ್ಲಿ ಉಳಿದವರೂ ದೀಪ ಹಚ್ಚುತ್ತಿದ್ದರು. ಒಳ್ಳೆಯವನು ಒಳ್ಳೆಯವನಾಗಿದ್ದುದಕ್ಕೆ ನಷ್ಟ ಅನುಭವಿಸಬೇಕಾದ ಈ ಸ್ಥಿತಿಯೇ ಕಾನೂನಿನ ಅಗತ್ಯವನ್ನು ತೋರಿಸಿತು. ಬ್ಯಾಂಕರೂ ವಿಜ್ಞಾನಿಯೂ ಆಗಿದ್ದ ಸರ್ ಜಾನ್ ಲಬ್ಬಕ್ ಈ ಕಾರ್ಯವನ್ನು ಪಾರ್ಲಿಮೆಂಟಿನಲ್ಲಿ ಹಲವು ವರ್ಷ ಹೊತ್ತು ನಡೆಸಿದರು.

1886ರ ಶಾಸನವು ಹದಿನೆಂಟು ವರ್ಷದೊಳಗಿನವರನ್ನು ವಾರಕ್ಕೆ 74 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂದಿತು. ರಕ್ಷಣೆಯೆಂದು ತಂದ ಮಿತಿಯೇ 74 ಗಂಟೆ ಎಂದಮೇಲೆ ರಕ್ಷಣೆ ಇಲ್ಲದವರ ಪಾಡು ಹೇಗಿದ್ದೀತೆಂದು ಊಹಿಸಬಹುದು. 1899ರಲ್ಲಿ ಮತ್ತೊಂದು ಶಾಸನ ಬಂದಿತು: ಅಂಗಡಿಯಲ್ಲಿ ಪ್ರತಿ ಮೂವರು ಹೆಣ್ಣು ನೌಕರರಿಗೆ ಒಂದು ಆಸನವಾದರೂ ಇರಬೇಕು. ಕುಳಿತುಕೊಳ್ಳಲು ಒಂದು ಪೀಠಕ್ಕಾಗಿ ದೇಶದ ಪಾರ್ಲಿಮೆಂಟು ಶಾಸನ ಮಾಡಬೇಕಾಯಿತು. ಇದನ್ನು ಕೇಳಿ ಹಳೆಯ ಕಾಲದ ಕ್ರೌರ್ಯವೆಂದು ಸಮಾಧಾನಪಡುವಂತಿಲ್ಲ. ಜವಳಿ ಅಂಗಡಿಗಳ ಮಾರಾಟಗಾರ್ತಿಯರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಬರೆಯಲು ಕೇರಳ 2018ರವರೆಗೆ, ತಮಿಳುನಾಡು 2021ರವರೆಗೆ ಕಾಯಬೇಕಾಯಿತು.

1911ರ ಶಾಸನದಿಂದ ಇಂಗ್ಲೆಂಡಿನ ಅಂಗಡಿ ನೌಕರರಿಗೆ ವಾರದಲ್ಲಿ ಅರ್ಧ ದಿನದ ರಜೆ ಬಂದಿತು. 1936ರಲ್ಲಿ ಭಾನುವಾರದ ವ್ಯಾಪಾರಕ್ಕೆ ಹೊಸ ನಿರ್ಬಂಧ ಬಂದು, 1950ರ ಅಂಗಡಿಗಳ ಶಾಸನದಲ್ಲಿ ಎಲ್ಲವೂ ಒಂದುಗೂಡಿತು.

ಬೆಸೆದುಕೊಳ್ಳದ ವಿನಾಯಿತಿಗಳು

1950ರ ಶಾಸನದಲ್ಲಿ ಭಾನುವಾರ ಯಾವ ಯಾವ ವಸ್ತು ಮಾರಬಹುದೆಂಬ ಪಟ್ಟಿ ಇತ್ತು. ಕಾಲ ಕಳೆದಂತೆ ಆ ಪಟ್ಟಿ ನಗೆಪಾಟಲಾಯಿತು. ಮದ್ಯ ಮಾರಬಹುದು, ಮಗುವಿಗೆ ಕೊಡುವ ಹಾಲಿನ ಪುಡಿ ಮಾರಬಾರದು. ಪತ್ರಿಕೆಯೆಂಬ ಹೆಸರಿನಲ್ಲಿ ಅಶ್ಲೀಲ ಚಿತ್ರಗಳ ಹಾಳೆ ಮಾರಬಹುದು, ಬೈಬಲ್ ಮಾರಬಾರದು. ದೇವರ ದಿನವನ್ನು ಕಾಯಲು ಹುಟ್ಟಿದ ಕಾನೂನು ದೇವರ ಗ್ರಂಥವನ್ನೇ ಅಂಗಡಿಯಿಂದ ಹೊರಗಿಟ್ಟಿತೆಂದು ವಿರೋಧಿಗಳು ಹಾಸ್ಯ ಮಾಡಿದರು.

ಬೇರೆ ಮತದವರ ಪ್ರಶ್ನೆ ಇನ್ನೂ ಗಂಭೀರವಾದದ್ದು. ಶನಿವಾರ ಅಂಗಡಿ ಮುಚ್ಚುವ ಯಹೂದಿ ವರ್ತಕನು ಭಾನುವಾರ ಮಧ್ಯಾಹ್ನ ಎರಡು ಗಂಟೆಯವರೆಗೆ ತೆರೆಯಬಹುದೆಂದು ಇಂಗ್ಲೆಂಡಿನ ಕಾನೂನು ವಿನಾಯಿತಿ ಕೊಟ್ಟಿತ್ತು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಆ ಔದಾರ್ಯ ಇರಲಿಲ್ಲ. ಫಿಲಡೆಲ್ಫಿಯ ನಗರದ ಯಹೂದಿ ವರ್ತಕರು ತಮ್ಮ ಧರ್ಮದಿಂದ ಶನಿವಾರ, ರಾಜ್ಯದ ಕಾನೂನಿನಿಂದ ಭಾನುವಾರ, ಹೀಗೆ ಎರಡು ದಿನ ವ್ಯಾಪಾರ ಕಳೆದುಕೊಳ್ಳುತ್ತಿದ್ದರು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ರಾನ್‌ಫೆಲ್ಡ್ ಮೊಕದ್ದಮೆಯಲ್ಲಿ ಅವರ ಮೊರೆಯನ್ನು ತಳ್ಳಿಹಾಕಿತು. ಭಾನುವಾರದ ಕಾನೂನು ಹುಟ್ಟಿದ್ದು ಮತಾಚರಣೆಯಿಂದಾದರೂ, ಈಗ ಅದು ಎಲ್ಲರಿಗೂ ಸಮಾನವಾದ ವಿಶ್ರಾಂತಿಯ ದಿನವಾಗಿದೆಯೆಂದು ಅದೇ ವರ್ಷದ ಮೆಕ್‌ಗೋವನ್ ತೀರ್ಪಿನಲ್ಲಿ ನ್ಯಾಯಾಲಯ ಹೇಳಿತು. ಬಹುಜನರಿಗೆ ಒಪ್ಪುವ ಈ ತರ್ಕದಲ್ಲಿ ಅಲ್ಪಸಂಖ್ಯಾತ ಶ್ರದ್ಧಾಳುವಿನ ಗಲ್ಲಾಪೆಟ್ಟಿಗೆಯೇ ದಂಡ ತೆರುತ್ತಿತ್ತು.

ಇಂಗ್ಲೆಂಡಿನಲ್ಲಿ 1960 ಮತ್ತು 70ರ ದಶಕಗಳಲ್ಲಿ ಪೂರ್ವ ಆಫ್ರಿಕಾದಿಂದ ವಲಸೆ ಬಂದ ಗುಜರಾತಿ ಕುಟುಂಬಗಳು ನೆಲೆಸಿದವು. ಅವುಗಳಲ್ಲಿ ಜೈನ ಮನೆತನಗಳೂ ಇದ್ದವು. ಬೀದಿಯ ಮೂಲೆಯ ಸಣ್ಣ ಅಂಗಡಿಗಳನ್ನು ಕೊಂಡು, ಬೆಳಗಿನಿಂದ ರಾತ್ರಿಯವರೆಗೆ ತೆರೆದಿಟ್ಟು ಬದುಕು ಕಟ್ಟಿಕೊಂಡ ಕುಟುಂಬಗಳು ಅನೇಕ. ಅವರ ಪರ್ವಗಳು ಭಾನುವಾರಕ್ಕೆ ಸಂಬಂಧಿಸಿದವಲ್ಲ. ಆದರೂ ಅವರಿಗೆ ಯಹೂದಿಗಳಿಗಿದ್ದಂಥ ವಿನಾಯಿತಿ ಇರಲಿಲ್ಲ.

1984ರಲ್ಲಿ ಸರ್ಕಾರ ನೇಮಿಸಿದ್ದ ಆಲ್ಡ್ ಸಮಿತಿ ಎಲ್ಲ ನಿರ್ಬಂಧಗಳನ್ನೂ ತೆಗೆದುಹಾಕಬೇಕೆಂದು ವರದಿ ಕೊಟ್ಟಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದರಂತೆ ಮಸೂದೆ ತಂದಿತು. ಆಗ ಒಂದು ಅಪರೂಪದ ಮೈತ್ರಿ ಕೂಡಿತು. ಭಾನುವಾರದ ಪಾವಿತ್ರ್ಯವನ್ನು ಬಯಸುವ ಚರ್ಚಿನವರೂ, ಅಂಗಡಿ ನೌಕರರ ಸಂಘವೂ, ಸಣ್ಣ ವರ್ತಕರಲ್ಲಿ ಕೆಲವರೂ ಒಂದಾದರು. 1986ರ ಏಪ್ರಿಲ್ 14ರಂದು 296 ಮತಗಳು ವಿರುದ್ಧವಾಗಿಯೂ 282 ಪರವಾಗಿಯೂ ಬಿದ್ದು ಮಸೂದೆ ಸೋತಿತು. ಅವರ ಆಡಳಿತದ ಹನ್ನೊಂದು ವರ್ಷಗಳಲ್ಲಿ ಸರ್ಕಾರಿ ಮಸೂದೆಯೊಂದು ಹೀಗೆ ಪೂರ್ತಿಯಾಗಿ ಬಿದ್ದುಹೋದದ್ದು ಇದೊಂದೇ.

ಆದರೆ ಸೋತದ್ದು ಮಸೂದೆಯೇ ಹೊರತು ಬೇಡಿಕೆಯಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಹೆಚ್ಚುತ್ತಿದ್ದವು. ಅವರಿಗೆ ಕೊಳ್ಳಲು ವಾರದ ಕೊನೆಯೇ ಬೇಕಿತ್ತು. 1991ರ ಕ್ರಿಸ್‌ಮಸ್‌ಗೆ ಮುಂಚೆ ದೊಡ್ಡ ಸೂಪರ್ ಮಾರ್ಕೆಟ್‌ಗಳು ಕಾನೂನನ್ನು ಬದಿಗಿಟ್ಟು ಭಾನುವಾರ ಬಾಗಿಲು ತೆರೆದವು. ದಂಡ ಕಟ್ಟಿದರೂ ಅವರಿಗೆ ಲಾಭವೇ ಹೆಚ್ಚು. ಕೊನೆಗೆ 1994ರ ಭಾನುವಾರ ವ್ಯಾಪಾರ ಶಾಸನವು ಮಧ್ಯದ ದಾರಿ ಹಿಡಿಯಿತು. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಬೆಳಿಗ್ಗೆ ಹತ್ತರಿಂದ ಸಂಜೆ ಆರರ ನಡುವೆ ಒಂದೇ ಸಮನೆ ಆರು ಗಂಟೆ ಮಾತ್ರ ತೆರೆಯಬಹುದು. ಸಣ್ಣ ಅಂಗಡಿಗಳಿಗೆ ಆ ಮಿತಿ ಇಲ್ಲ. ಭಾನುವಾರ ದುಡಿಯಲು ಒಲ್ಲೆನೆನ್ನುವ ಹಕ್ಕನ್ನು ಅಂಗಡಿ ನೌಕರರಿಗೆ ಶಾಸನ ಕೊಟ್ಟಿತು. ಮೂರು ತಿಂಗಳ ಮುನ್ಸೂಚನೆ ಕೊಟ್ಟರೆ, ಹೀಗೆ ಒಲ್ಲೆನೆಂದ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ.

2012ರ ಒಲಿಂಪಿಕ್ಸ್ ಸಮಯದಲ್ಲಿ ಎಂಟು ಭಾನುವಾರಗಳ ಮಟ್ಟಿಗೆ ಈ ಮಿತಿಯನ್ನು ಸಡಿಲಿಸಲಾಯಿತು. 2016ರ ಮಾರ್ಚ್ 9ರಂದು ಸ್ಥಳೀಯ ಸಂಸ್ಥೆಗಳ ಇಚ್ಛೆಗೆ ಬಿಟ್ಟು ಮಿತಿಯನ್ನು ಇನ್ನಷ್ಟು ಸಡಿಲಿಸುವ ಪ್ರಸ್ತಾಪವನ್ನು ಕೆಳಮನೆ 317ಕ್ಕೆ 286 ಮತಗಳಿಂದ ತಿರಸ್ಕರಿಸಿತು. ಸ್ಕಾಟ್‌ಲೆಂಡಿನಲ್ಲಿ ಭಾನುವಾರದ ವ್ಯಾಪಾರಕ್ಕೆ ಇಂಥ ಮಿತಿಯೇ ಇರಲಿಲ್ಲ. ಆದರೂ ಅಲ್ಲಿಯ ಪ್ರತಿನಿಧಿಗಳು ಪ್ರಸ್ತಾಪದ ವಿರುದ್ಧ ಮತ ಹಾಕಿದರು. ಇಂಗ್ಲೆಂಡಿನಲ್ಲಿ ಭಾನುವಾರ ಸಾಮಾನ್ಯ ದಿನವಾಗಿಬಿಟ್ಟರೆ, ಆ ದಿನದ ದುಡಿಮೆಗೆ ಸ್ಕಾಟಿಷ್ ನೌಕರರು ಪಡೆಯುತ್ತಿದ್ದ ಹೆಚ್ಚಿನ ಸಂಬಳಕ್ಕೂ ಕುತ್ತು ಬರುವುದೆಂಬುದು ಅವರು ಕೊಟ್ಟ ಕಾರಣ. ಮುನ್ನೂರು ವರ್ಷಗಳ ಹಿಂದೆ ಪ್ರಾರ್ಥನೆಗಾಗಿ ಹುಟ್ಟಿದ ಕಾನೂನು ನೌಕರನ ರಕ್ಷಣೆಯ ಹೆಸರಿನಲ್ಲಿ ಉಳಿದುಕೊಂಡಿತು.

ಭಾರತದಲ್ಲಿ ವಾರದ ಬಿಡುವು

ಕನ್ನಡ ನಾಡಿನ ಹಳ್ಳಿಗಳಲ್ಲಿ ವಾರವೆಂದರೆ ಮುಖ್ಯವಾಗಿ ಸಂತೆಯ ಲೆಕ್ಕ. ಒಂದೂರಿನಲ್ಲಿ ಸೋಮವಾರ, ಪಕ್ಕದೂರಿನಲ್ಲಿ ಬುಧವಾರ, ಮತ್ತೊಂದರಲ್ಲಿ ಭಾನುವಾರ. ವರ್ತಕರು ಸುತ್ತಿ ಬರಲು ಅನುಕೂಲವಾಗುವಂತೆ ದಿನಗಳು ಹಂಚಿಹೋಗಿದ್ದವು. ಭಾನುವಾರದ ಸಂತೆಯಲ್ಲಿ ಯಾರಿಗೂ ದೋಷ ಕಾಣಲಿಲ್ಲ. ಬಿಡುವಿನ ದಿನ ಇರಲಿಲ್ಲವೆಂದಲ್ಲ. ನಾಡಿನ ಅನೇಕ ಹಳ್ಳಿಗಳಲ್ಲಿ ಸೋಮವಾರ ಬಸವನ ವಾರವೆಂದು ಎತ್ತುಗಳಿಗೆ ನೊಗ ಹೂಡದ ಪದ್ಧತಿ ಇದೆ. ದುಡಿಯುವ ಪ್ರಾಣಿಗೆ ವಾರಕ್ಕೊಂದು ದಿನ ಅದರ ಪಾಡಿಗೆ ಅದನ್ನು ಬಿಡಬೇಕೆಂಬ ತಿಳಿವಳಿಕೆಗೆ ಇಲ್ಲಿ ಶಾಸನದ ಅಗತ್ಯ ಬೀಳಲಿಲ್ಲ.

ಭಾನುವಾರದ ರಜೆ ಭಾರತದ ಕಾರ್ಮಿಕರಿಗೆ ದೊರೆತದ್ದು ಬೇಡಿ ಪಡೆದುದರಿಂದ. ಮಹಾತ್ಮ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಅನುಯಾಯಿಯೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಪರವಾಗಿ ಸಾವಿರಾರು ಸಹಿಗಳ ಮನವಿಯೊಂದನ್ನು ಸಲ್ಲಿಸಿದರು. ವಾರಕ್ಕೊಂದು ರಜೆ ಅದರ ಮುಖ್ಯ ಬೇಡಿಕೆ. ಭಾನುವಾರ ಖಂಡೋಬ ದೇವರ ದಿನವೆಂಬುದೂ ಮಹಾರಾಷ್ಟ್ರದ ಕಾರ್ಮಿಕರಿಗೆ ಆ ದಿನ ಒಪ್ಪಲು ಕಾರಣವಾಯಿತು. ಗಿರಣಿ ಮಾಲೀಕರು 1890ರಲ್ಲಿ ಭಾನುವಾರದ ರಜೆಗೆ ಒಪ್ಪಿದರು.

ಅಂಗಡಿಗಳ ವಿಷಯದಲ್ಲಿ ಮೊದಲು ಕಾನೂನು ಮಾಡಿದ್ದು ಮುಂಬಯಿ ಪ್ರಾಂತ್ಯ, 1939ರಲ್ಲಿ. ಬಳಿಕ ಬಂದ 1942ರ ವಾರದ ರಜೆಗಳ ಅಧಿನಿಯಮ ಗಮನಿಸತಕ್ಕದ್ದು. ಅಂಗಡಿಯನ್ನು ವಾರದಲ್ಲಿ ಒಂದು ದಿನ ಪೂರ್ತಿ ಮುಚ್ಚಬೇಕೆಂದು ಅದು ವಿಧಿಸಿತು. ಆದರೆ ಆ ದಿನ ಯಾವುದೆಂಬುದನ್ನು ಅಂಗಡಿಯವನ ಆಯ್ಕೆಗೆ ಬಿಟ್ಟಿತು. ತಾನು ಆರಿಸಿದ ದಿನವನ್ನು ಎಲ್ಲರಿಗೂ ಕಾಣುವಂತೆ ಅಂಗಡಿಯಲ್ಲಿ ಬರೆದು ತೂಗುಹಾಕಬೇಕು, ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಅದನ್ನು ಬದಲಿಸಬಾರದು. ಶುಕ್ರವಾರ ಮುಚ್ಚುವವನೂ ಭಾನುವಾರ ಮುಚ್ಚುವವನೂ ಕಾನೂನಿನ ಮುಂದೆ ಸಮಾನರಾದರು. ಫಿಲಡೆಲ್ಫಿಯದ ವರ್ತಕನಿಗೆ ದೊರೆಯದ ನ್ಯಾಯ ಇಲ್ಲಿ ಸಹಜವಾಗಿ ದೊರೆಯಿತು. ಬಿಡುವನ್ನು ಪಾವಿತ್ರ್ಯದಿಂದ ಬೇರ್ಪಡಿಸಿದ್ದೇ ಇದರ ಗುಟ್ಟು.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವೂ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಗೊತ್ತುಪಡಿಸಿತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನವೂ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಲು ಮೂರು ವರ್ಷಗಳ ಅವಧಿಗೆ ಅನುಮತಿ ಕೊಟ್ಟಿತು. ಪ್ರತಿಯೊಬ್ಬ ನೌಕರನಿಗೂ ಸರದಿಯಂತೆ ವಾರಕ್ಕೊಂದು ರಜೆ ಕೊಡಬೇಕು, ರಜೆಯಲ್ಲಿರುವವರ ವಿವರವನ್ನು ಅಂಗಡಿಯಲ್ಲಿ ಎದ್ದು ಕಾಣುವಂತೆ ಪ್ರಕಟಿಸಬೇಕು ಎಂಬ ಷರತ್ತುಗಳು ಅದರೊಡನೆ ಇದ್ದವು. ಬಾಗಿಲಿಗೆ ರಜೆ ಇಲ್ಲ, ಮನುಷ್ಯನಿಗೆ ರಜೆ ಉಂಟು ಎಂಬುದು ಇದರ ತಾತ್ಪರ್ಯ. ಬಾಗಿಲು ಮುಚ್ಚಿದ್ದರೆ ನೌಕರನ ರಜೆ ದಾರಿಹೋಕನಿಗೂ ಕಾಣುತ್ತದೆ. ಬಾಗಿಲು ಸದಾ ತೆರೆದಿರುವಲ್ಲಿ ಅದು ಮಾಲೀಕನ ಪುಸ್ತಕದಲ್ಲಿ, ಅದಕ್ಕೂ ಮಿಗಿಲಾಗಿ ಮಾಲೀಕನ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ಕಾನೂನು ಸಡಿಲವಾದಷ್ಟೂ ವರ್ತಕನ ಸ್ವಂತ ಧರ್ಮದ ಮೇಲೆ ಬೀಳುವ ಭಾರ ಹೆಚ್ಚು.

ಪರರ ಬಾಗಿಲು, ತನ್ನ ಬಾಗಿಲು

ಪರ್ವದಿನದಂದು ಪರರ ವ್ಯಾಪಾರವನ್ನು ಮುಚ್ಚಿಸುವ ಪ್ರಶ್ನೆ ಜೈನರಿಗೂ ಹೊಸದಲ್ಲ. ಹೀರವಿಜಯಸೂರಿಗಳ ಉಪದೇಶದಿಂದ ಅಕ್ಬರ್ ಬಾದಷಹನು ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸಿದ್ದು ಪ್ರಸಿದ್ಧ ಸಂಗತಿ. ಅಹಮದಾಬಾದಿನಲ್ಲಿ ಪರ್ಯುಷಣದ ಒಂಬತ್ತು ದಿನ ಕಸಾಯಿಖಾನೆಗಳನ್ನು ಮುಚ್ಚುವ ನಿರ್ಣಯವನ್ನು ಭಾರತದ ಸುಪ್ರೀಂ ಕೋರ್ಟು 2008ರಲ್ಲಿ ಎತ್ತಿಹಿಡಿಯಿತು. ಅವಧಿ ಅಲ್ಪವಾದುದರಿಂದ ಆ ನಿರ್ಬಂಧ ಸಮಂಜಸವೆಂಬುದು ತೀರ್ಪಿನ ಒಂದು ಮುಖ್ಯ ಆಧಾರ.

ಇದಕ್ಕೂ ಇಂಗ್ಲೆಂಡಿನ 1677ರ ಶಾಸನಕ್ಕೂ ಏನು ವ್ಯತ್ಯಾಸವೆಂದು ವಿಚಾರವಂತರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಒಂದು ದಿನ ಪವಿತ್ರವೆಂಬ ಕಾರಣದಿಂದ ಮಾತ್ರ ಪರರ ಬಾಗಿಲನ್ನು ಮುಚ್ಚಿಸುವುದಾದರೆ ವ್ಯತ್ಯಾಸವೇನೂ ಇಲ್ಲ. ಬಾಯಿಲ್ಲದ ಜೀವಿಯ ಪ್ರಾಣ ಉಳಿಯುತ್ತದೆಂಬುದೇ ಆ ಬೇಡಿಕೆಯ ನಿಜವಾದ ಬಲ. ಅಹಿಂಸೆಯ ಆಧಾರದ ಮೇಲೆ ನಿಂತವರು ಆ ಬಲವನ್ನು ತಮ್ಮ ಅಂಗಡಿಯೊಳಗೂ ತರಬೇಕಾಗುತ್ತದೆ. ಹೊರಗಿನ ಬಾಗಿಲನ್ನು ಕರುಣೆಯ ಹೆಸರಿನಲ್ಲಿ ಮುಚ್ಚಲು ಕೇಳುವವರು, ತಮ್ಮ ಬಾಗಿಲೊಳಗೆ ದುಡಿಯುವವನ ದಣಿವನ್ನು ಕಾಣದೆ ಹೋದರೆ, 1855ರಲ್ಲಿ ಸಾರೋಟಿನಲ್ಲಿ ಕುಳಿತವರ ಸಾಲಿಗೆ ಸೇರಬೇಕಾಗುತ್ತದೆ.

ಅತಿವಾಹನವೆಂಬ ಅತಿಚಾರ

ಜೈನ ಪರ್ವಗಳು ವಾರವನ್ನು ಅನುಸರಿಸುವುದಿಲ್ಲ, ತಿಥಿಯನ್ನು ಅನುಸರಿಸುತ್ತವೆ. ಪಕ್ಷಕ್ಕೊಂದು ಅಷ್ಟಮಿ, ಒಂದು ಚತುರ್ದಶಿ. ತಿಂಗಳಿಗೆ ನಾಲ್ಕು ಪರ್ವದಿನ. ಆ ದಿನಗಳ ಪ್ರೋಷಧೋಪವಾಸದಲ್ಲಿ ಶ್ರಾವಕನು ಆಹಾರದೊಡನೆ ಆರಂಭವನ್ನೂ, ಎಂದರೆ ಲೌಕಿಕ ಉದ್ಯೋಗವನ್ನೂ ಬಿಡಬೇಕೆಂದು ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ಇದು ಶ್ರಾವಕನು ತಾನೇ ತನಗೆ ವಿಧಿಸಿಕೊಳ್ಳುವ ನಿಯಮ. ಇದನ್ನು ಪಾಲಿಸಲು ರಾಜನ ಶಾಸನ ಬೇಕಿಲ್ಲ. ಪಾಲಿಸದವನಿಗೆ ಐದು ಷಿಲಿಂಗಿನ ದಂಡವೂ ಇಲ್ಲ. ದೇಶಾವಕಾಶಿಕ ವ್ರತದಲ್ಲಿಯೂ ವರ್ಷ, ಋತು, ಮಾಸ, ಪಕ್ಷ ಎಂದು ಕಾಲದ ಎಲ್ಲೆ ಹಾಕಿಕೊಳ್ಳುವ ವಿಧಾನವಿದೆ. ತನ್ನ ಉದ್ಯೋಗಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು ಶ್ರಾವಕಾಚಾರದ ತಿರುಳು.

ಮಾಲೀಕನ ಉಪವಾಸದ ದಿನ ನೌಕರನು ದುಪ್ಪಟ್ಟು ದುಡಿದರೆ ಆ ವ್ರತದ ಗತಿ ಏನು? ಇದಕ್ಕೂ ಪೂರ್ವಾಚಾರ್ಯರ ಗ್ರಂಥಗಳಲ್ಲಿ ದಾರಿ ಇದೆ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು. ಆಶ್ರಯದಲ್ಲಿರುವ ಜೀವಿಯ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೇರುವುದು. ಅನ್ನಪಾನವನ್ನು ತಡೆಯುವುದು ಇನ್ನೊಂದು. ಸಮಂತಭದ್ರರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹ, ವಿಸ್ಮಯ, ಲೋಭಗಳೊಡನೆ ಅತಿವಾಹನವನ್ನೂ ಅತಿಭಾರವಹನವನ್ನೂ ಸೇರಿಸುತ್ತಾರೆ. ಮಿತಿಮೀರಿ ದುಡಿಸುವುದು ಹಿಂಸೆಯ ದೋಷ ಮಾತ್ರವಲ್ಲ, ಪರಿಗ್ರಹದ ದೋಷವೂ ಹೌದೆಂಬುದು ಅವರ ದರ್ಶನ.

ಇದರ ಮರ್ಮವನ್ನು ಟೀಕಾಕಾರ ಪ್ರಭಾಚಂದ್ರರು ಬಿಡಿಸಿ ತೋರಿಸಿದ್ದಾರೆ. ಲೋಭ ಅಡಗಲೆಂದು ಒಬ್ಬನು ಆಸ್ತಿಗೆ ಮಿತಿ ಹಾಕಿಕೊಳ್ಳುತ್ತಾನೆ. ಲೋಭ ಮತ್ತೆ ತಲೆ ಎತ್ತುತ್ತದೆ. ಹೊಸ ಎತ್ತು ಕೊಳ್ಳುವಂತಿಲ್ಲವಾದ್ದರಿಂದ ಇದ್ದ ಎತ್ತನ್ನೇ, ಅದು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ದಾರಿ ನಡೆಸುತ್ತಾನೆ. ಲೆಕ್ಕದಲ್ಲಿ ಆಸ್ತಿ ಬೆಳೆದಿಲ್ಲ, ವ್ರತ ಮುರಿದಂತೆ ಕಾಣುವುದಿಲ್ಲ. ಆದರೆ ಬೆಳೆಯಬೇಕಾದ ಲೋಭ ಎತ್ತಿನ ಬೆನ್ನ ಮೇಲೆ ಬೆಳೆದಿದೆ.

ಬಂಡಿಯ ಜಾಗದಲ್ಲಿ ಅಂಗಡಿಯನ್ನು ಇಟ್ಟರೆ ಈ ಮಾತು ಇಂದಿಗೂ ಹಾಗೆಯೇ ಸಲ್ಲುತ್ತದೆ. ಎರಡನೆಯ ಅಂಗಡಿ ಹಾಕದೆ, ಹೊಸಬರನ್ನು ನೇಮಿಸದೆ, ಅದೇ ನಾಲ್ವರಿಂದ ಏಳನೆಯ ದಿನವನ್ನೂ ದುಡಿಸಿ ಲಾಭ ಹೆಚ್ಚಿಸುವುದು ಅತಿವಾಹನವೇ. ಏಳು ದಿನ ತೆರೆಯಬೇಕಾದ ಅಂಗಡಿಗೆ ಏಳು ದಿನಕ್ಕೆ ಸಾಕಾಗುವಷ್ಟು ಜನರಿದ್ದರೆ, ಒಬ್ಬೊಬ್ಬನಿಗೂ ತನ್ನ ದಿನ ತಪ್ಪದೆ ದೊರೆತರೆ, ಭಾನುವಾರ ಬಾಗಿಲು ತೆರೆದಿದ್ದರಲ್ಲಿ ದೋಷ ಹುಡುಕುವ ಕಾರಣವಿಲ್ಲ. ದೋಷ ದಿನದಲ್ಲಿಲ್ಲ; ದುಡಿಸುವ ರೀತಿಯಲ್ಲಿದೆ.

ಮನೆಯಲ್ಲಿಯೂ ಟ್ರಸ್ಟಿನಲ್ಲಿಯೂ

ಇಂಗ್ಲೆಂಡಿನ ಇತಿಹಾಸ ಎರಡು ಪಾಠಗಳನ್ನು ಉಳಿಸಿದೆ. ವರ್ತಕರ ಸದ್ಬುದ್ಧಿಯೊಂದನ್ನೇ ನಂಬಿದರೆ ದೀಪ ಆರಿಸದ ಒಬ್ಬನಿಂದ ಇಡೀ ಬೀದಿ ಸೋಲುತ್ತದೆ. ಆದ್ದರಿಂದ ಕಾನೂನು ಬೇಕು. ಕಾನೂನನ್ನೇ ನಂಬಿದರೆ ಅದು ವಿನಾಯಿತಿಗಳ ಪಟ್ಟಿಯಾಗುತ್ತದೆ. ಆದ್ದರಿಂದ ವ್ರತ ಬೇಕು. ವಾರದ ರಜೆಯ ಕಾನೂನನ್ನು ಹೊರೆಯೆಂದು ಭಾವಿಸದೆ, ಒಳ್ಳೆಯ ವರ್ತಕನನ್ನು ಕೆಟ್ಟ ಪೈಪೋಟಿಯಿಂದ ಕಾಯುವ ಬೇಲಿಯೆಂದು ವರ್ತಕ ಸಂಘಗಳು ಭಾವಿಸಬೇಕು.

ಸಣ್ಣ ಅಂಗಡಿಗಳ ಕಷ್ಟ ಬೇರೆ. ಅಲ್ಲಿ ದುಡಿಯುವವರು ಮನೆಯವರೇ. ರಜೆಯ ಲೆಕ್ಕ ಇಡುವವರಿಲ್ಲ. ಮನೆಯ ಹೆಣ್ಣುಮಕ್ಕಳು ಅಡುಗೆಮನೆಯಿಂದ ಗಲ್ಲಾಪೆಟ್ಟಿಗೆಗೆ, ಗಲ್ಲಾಪೆಟ್ಟಿಗೆಯಿಂದ ಅಡುಗೆಮನೆಗೆ ಓಡಾಡುತ್ತಲೇ ವರ್ಷ ಕಳೆಯುತ್ತಾರೆ. ಸ್ವಾಧ್ಯಾಯಕ್ಕೆ, ಬಸದಿಯ ದರ್ಶನಕ್ಕೆ, ಮಕ್ಕಳ ಪಾಠಕ್ಕೆ ಹೊತ್ತಿಲ್ಲವೆಂಬ ಮಾತು ಇಂಥ ಮನೆಗಳಲ್ಲಿ ಹೆಚ್ಚು ಕೇಳಿಬರುತ್ತದೆ. ಚಾತುರ್ಮಾಸದ ನಾಲ್ಕು ತಿಂಗಳಾದರೂ ವಾರದಲ್ಲಿ ಅರ್ಧ ದಿನ ಬಾಗಿಲು ಹಾಕುವ ನಿಯಮವನ್ನು ಗುರುಸನ್ನಿಧಿಯಲ್ಲಿ ತೆಗೆದುಕೊಳ್ಳುವುದು ಅಸಾಧ್ಯವಾದುದಲ್ಲ.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ಎಲ್ಲರಿಗೂ ರಜೆಯೆಂಬ ಕಾರಣದಿಂದ ಅಭಿಷೇಕ, ವಿಧಾನ, ಉಪನ್ಯಾಸ, ಸಭೆ ಎಲ್ಲವನ್ನೂ ಭಾನುವಾರವೇ ಇಡುವುದು ರೂಢಿ. ಬಂದ ಶ್ರಾವಕರಿಗೆ ಅದು ಪುಣ್ಯದ ಬಿಡುವು. ಅಡುಗೆಯವನಿಗೆ, ಪಾತ್ರೆ ತೊಳೆಯುವವಳಿಗೆ, ಕಾವಲುಗಾರನಿಗೆ, ಪೂಜೆಗೆ ಸಿದ್ಧತೆ ಮಾಡುವವನಿಗೆ ವಾರದ ಅತಿ ಭಾರದ ದಿನ. ಅವರಿಗೆ ಭಾನುವಾರಕ್ಕೆ ಬದಲಾಗಿ ಯಾವ ದಿನ ದೊರೆಯುತ್ತದೆಂಬುದನ್ನು ಪ್ರತಿ ಟ್ರಸ್ಟು ತನ್ನ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. 1942ರ ಅಧಿನಿಯಮ ಹೇಳಿದಂತೆ ಆ ದಿನವನ್ನು ಗೋಡೆಯ ಮೇಲೆ ಕಾಣುವಂತೆ ಹಾಕಬೇಕು. ಆ ದಿನದ ಸಂಬಳ ಕಡಿಯಬಾರದು. ಉತ್ಸವದ ವಾರದಲ್ಲಿ ರಜೆ ತಪ್ಪಿದರೆ ಮುಂದಿನ ವಾರ ಎರಡು ದಿನ ಕೊಡಬೇಕು. ಇದಕ್ಕೆ ತಗಲುವ ವೆಚ್ಚ ದೊಡ್ಡದಲ್ಲ. ಬೇಕಾದುದು ಆಡಳಿತ ಮಂಡಳಿಯ ಒಂದು ನಿರ್ಣಯ.

ಎತ್ತು ಎಷ್ಟು ದೂರ ಸುಖವಾಗಿ ನಡೆಯಬಲ್ಲದೆಂದು ಟೀಕಾಕಾರರು ಕೇಳಿದ್ದರು. ಮನುಷ್ಯನನ್ನು ದುಡಿಸುವ ಪ್ರತಿ ಅಂಗಡಿ, ಪ್ರತಿ ಬಸದಿ ಆ ಪ್ರಶ್ನೆಯನ್ನು ವಾರಕ್ಕೊಮ್ಮೆ ಕೇಳಿಕೊಂಡರೆ, ಬಾಗಿಲು ತೆರೆಯುವ ದಿನ ಯಾವುದೆಂಬ ವಿವಾದ ತಾನಾಗಿಯೇ ಚಿಕ್ಕದಾಗುತ್ತದೆ.